ಸೀನಿಯರ್ ಆಫೀಸು ಎಂಬ ಪಾಠಶಾಲೆ

ಎಲ್‌ಎಲ್‌ಬಿ ಮುಗಿಸಿ, ಸನ್ನದು ಪಡೆದು, ಹೊಸ ಕರಿಕೋಟು ತೊಟ್ಟು ವಕೀಲರ ಸಂಘದ ಕೊಠಡಿಗೆ ಕಾಲಿಟ್ಟವರಿಗೆ ಮೊದಲು ಎದುರಾಗುವ ಪ್ರಶ್ನೆ: ‘ಯಾರ ಆಫೀಸು?’ ಓದಿದ ಕಾಲೇಜನ್ನಾಗಲಿ, ಬಂದ ಅಂಕಗಳನ್ನಾಗಲಿ, ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ಗೆದ್ದ ಬಹುಮಾನವನ್ನಾಗಲಿ ಅಲ್ಲಿ ವಿಚಾರಿಸುವವರು ಕಡಿಮೆ. ಇಂಥವರ ಜೂನಿಯರ್ ಎಂದು ಗೊತ್ತಾದರೆ ಸಾಕು, ಆ ಹುಡುಗನಿಗೋ ಹುಡುಗಿಗೋ ಏನು ಬರುತ್ತದೆ, ಏನು ಬರಲಿಕ್ಕಿಲ್ಲ ಎಂದು ಕೋರ್ಟಿನ ಆವರಣವೇ ಅಂದಾಜು ಹಾಕಿಬಿಡುತ್ತದೆ. ಆ ಅಂದಾಜು ಬಹುಪಾಲು ಸರಿಯಾಗಿಯೇ ಇರುತ್ತದೆ. ನಮ್ಮಲ್ಲಿ ಪದವಿ ಕೊಡುವುದು ಕಾಲೇಜು, ವಕೀಲರನ್ನು ಮಾಡುವುದು ಸೀನಿಯರ್ ಆಫೀಸು.

ಇಷ್ಟು ದೊಡ್ಡ ಹೊಣೆ ಹೊತ್ತ ಈ ಪಾಠಶಾಲೆಗೆ ಪಠ್ಯಕ್ರಮವಿಲ್ಲ, ಮಾನ್ಯತೆಯ ಕಾಗದವಿಲ್ಲ, ತಪಾಸಣೆಗೆ ಬರುವ ಸಮಿತಿಯಿಲ್ಲ. ಕಾನೂನು ಶಿಕ್ಷಣದ ಬಗ್ಗೆ ನಡೆಯುವ ವಿಚಾರ ಸಂಕಿರಣಗಳೆಲ್ಲ ಕಾಲೇಜಿನ ಗೇಟಿನ ಬಳಿಯೇ ಮುಗಿಯುತ್ತವೆ. ಗೇಟಿನಾಚೆ ಶುರುವಾಗುವ ಮೂರು, ನಾಲ್ಕು, ಕೆಲವರಿಗೆ ಏಳೆಂಟು ವರ್ಷಗಳ ನಿಜವಾದ ಶಿಕ್ಷಣವನ್ನು ಯಾರೂ ಓರೆಗೆ ಹಚ್ಚಿ ನೋಡಿಲ್ಲ. ಹಚ್ಚಿದರೆ ಕಾಣುವುದು ಇದು: ಕಲಿಸುವುದರಲ್ಲಿ ಈ ಪದ್ಧತಿಗೆ ಸಾಟಿಯಿಲ್ಲ, ಯಾರಿಗೆ ಕಲಿಸುತ್ತದೆ ಎಂಬುದರಲ್ಲಿ ಇದು ಅನ್ಯಾಯದ ಪದ್ಧತಿ. ಎರಡನೆಯದನ್ನು ಸರಿಪಡಿಸದೆ ಮೊದಲನೆಯದನ್ನು ಕೊಂಡಾಡುವ ಹಕ್ಕು ನಮಗಿಲ್ಲ.

ಮೊದಲು ಅದರ ಸಾಮರ್ಥ್ಯ. ಒಂದು ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಕಾಲೇಜಿನಲ್ಲಿ ವಿದ್ಯಾರ್ಥಿ ಹಿಂದೂ ಉತ್ತರಾಧಿಕಾರ ಅಧಿನಿಯಮದ 6ನೇ ಕಲಂ ಓದಿರುತ್ತಾನೆ. 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬಂದದ್ದು, 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಸ್ಪಷ್ಟಪಡಿಸಿದ್ದು, ಅದಕ್ಕೂ ಮೊದಲೇ 1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದಿದ್ದು, ಎಲ್ಲ ಬಲ್ಲ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಇರುತ್ತಾನೆ. ಆದರೆ ಕಕ್ಷಿದಾರಳಾಗಿ ಬಂದ ಹೆಂಗಸು 6ನೇ ಕಲಮನ್ನು ಹಿಡಿದುಕೊಂಡು ಬರುವುದಿಲ್ಲ. ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತರುತ್ತಾಳೆ, ಅಜ್ಜನ ಕಾಲದಿಂದ ಕಥೆ ಹೇಳುತ್ತಾಳೆ. ಅದರಲ್ಲಿ ಅಣ್ಣನ ಹೆಂಡತಿಯ ಮೇಲಿನ ಸಿಟ್ಟಿದೆ, ತಾಯಿಯ ಒಡವೆಯ ವಿಷಯವಿದೆ, ಯಾವಾಗಲೋ ಕೊಟ್ಟ ಹೆಬ್ಬೆಟ್ಟಿನ ಗುರುತಿದೆ. ಸೀನಿಯರ್ ನಡುವೆ ಬಾಯಿ ಹಾಕದೆ ಅರ್ಧ ತಾಸು ಕೇಳುತ್ತಾರೆ. ಆಮೇಲೆ ಒಂದು ಹಾಳೆ ಎಳೆದುಕೊಂಡು ವಂಶವೃಕ್ಷ ಬರೆಯುತ್ತಾರೆ. ಯಾರು ಸತ್ತರು, ಯಾವ ವರ್ಷ, ಹೆಣ್ಣುಮಕ್ಕಳೆಷ್ಟು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 12ನೇ ಕಾಲಂನಲ್ಲಿ ಉಳುವವರಾಗಿ ಯಾರಿದ್ದಾರೆ, ಖಾತೆ ಯಾವ ಆಧಾರದ ಮೇಲೆ ಬದಲಾಯಿತು ಎಂದು ನೋಡುತ್ತಾರೆ. ಕೊನೆಗೆ ಒಂದೇ ಪ್ರಶ್ನೆ: ‘ಪಾಲುಪಟ್ಟಿ ಏನಾದರೂ ಆಗಿತ್ತೇನಮ್ಮ?’ 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿದೆ ಎಂದು ಪ್ರತಿವಾದಿ ತಕರಾರು ತೆಗೆದೇ ತೆಗೆಯುತ್ತಾನೆಂದು ಅವರಿಗೆ ಗೊತ್ತು. ಆ ಪಾಲು ನೋಂದಣಿಯಾಗಿದೆಯೋ, ಬರೀ ಬಾಯಿಮಾತಿನದೋ ಎಂಬುದರ ಮೇಲೆ ದಾವೆ ನಿಂತಿದೆ. ಪಕ್ಕದಲ್ಲಿ ಕುಳಿತ ಜೂನಿಯರ್‌ಗೆ ಆ ತಾಸಿನಲ್ಲಿ ಸಿಕ್ಕ ಪಾಠವನ್ನು ಯಾವ ತರಗತಿಯೂ ಕೊಡಲಾರದು. ಒಬ್ಬ ಹೆಂಗಸಿನ ದುಃಖದಿಂದ ಕಾನೂನಿಗೆ ಬೇಕಾದ ಸಂಗತಿಯನ್ನು ಅವಳಿಗೆ ನೋವಾಗದಂತೆ ಬೇರ್ಪಡಿಸುವ ವಿದ್ಯೆ ಅದು.

ಪಾಟೀ ಸವಾಲಿನ ಮಾತಂತೂ ಇನ್ನೂ ಸೂಕ್ಷ್ಮ. ಯಾವ ಪ್ರಶ್ನೆ ಕೇಳಬೇಕು ಎನ್ನುವುದನ್ನು ಪುಸ್ತಕಗಳು ಹೇಳುತ್ತವೆ. ಯಾವ ಪ್ರಶ್ನೆಯ ಹತ್ತಿರ ಬಂದು ಬಾಯಿ ಮುಚ್ಚಿಕೊಳ್ಳಬೇಕು ಎನ್ನುವುದನ್ನು ನೋಡಿಯೇ ಕಲಿಯಬೇಕು. ಇದೆಲ್ಲ ನಡೆಯುವುದು ಕನ್ನಡದಲ್ಲಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳ ಸಾಕ್ಷ್ಯ ಪುಟ ತೆಗೆದರೆ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’, ‘ಎಂದರೆ ಸುಳ್ಳು’ ಎಂದು ಮುಗಿಯುವ ವಾಕ್ಯಗಳ ಸಾಲು ಕಾಣುತ್ತದೆ. ಆ ಸಣ್ಣ ಕೊನೆಯಲ್ಲಿ ಜಮೀನುಗಳು ಉಳಿದಿವೆ, ಹೋಗಿವೆ. ರಾಯಚೂರಿನ ಸಾಕ್ಷಿ ಬಳಸುವ ಮಾತಿನ ಒಳದನಿ ಮಂಡ್ಯದವನಿಗೆ ಕೂಡಲೇ ಹತ್ತುವುದಿಲ್ಲ. ಭಾಷೆಯ ಈ ಕಿವಿಯನ್ನು ಬೆಳೆಸುವ ಜಾಗ ಇಡೀ ವೃತ್ತಿಯಲ್ಲಿ ಇದೊಂದೇ.

ಕಾಲೇಜುಗಳು ಈ ಕೆಲಸವನ್ನು ಮಾಡಲು ಯತ್ನಿಸಿಲ್ಲವೆಂದಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ ಮಾಡಿವೆ. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ಕಣ್ಣಾರೆ ಕಂಡು ದಾಖಲಿಸಬೇಕು; ಅದಕ್ಕೆ 30 ಅಂಕ. ಕಕ್ಷಿದಾರರ ಸಂದರ್ಶನ ಮತ್ತು ಡೈರಿಗೆ ಮತ್ತೆ 30. ಕಾಗದದ ಮೇಲೆ ಒಳ್ಳೆಯ ಯೋಜನೆಯೇ. ಆದರೆ ಅದೇ ನಿಯಮ ಯಾವ ವರ್ಷವೂ ಇಂಟರ್ನ್‌ಶಿಪ್ ಸತತ ನಾಲ್ಕು ವಾರ ಮೀರಬಾರದು ಎನ್ನುತ್ತದೆ. ನಾಲ್ಕು ವಾರದಲ್ಲಿ ನಮ್ಮ ಸಿವಿಲ್ ನ್ಯಾಯಾಲಯದಲ್ಲಿ ಒಂದು ದಾವೆಗೆ ಒಂದು ವಾಯಿದೆ ಬಂದರೆ ಹೆಚ್ಚು. ವಾದಪತ್ರದಿಂದ ತೀರ್ಪಿನವರೆಗೆ ಯಾವ ವಿದ್ಯಾರ್ಥಿಗೂ ನೋಡಲಾಗುವುದಿಲ್ಲ. ಹಾಗಾಗಿ ರೆಕಾರ್ಡ್ ಪುಸ್ತಕ ಹಿರಿಯ ತಂಡದಿಂದ ಕಿರಿಯ ತಂಡಕ್ಕೆ ಇಳಿದುಬರುತ್ತದೆ, ಅದರೊಳಗಿನ ಕೇಸುಗಳೂ ಇಳಿದುಬರುತ್ತವೆ. ಇದಕ್ಕೆ ವಿದ್ಯಾರ್ಥಿಗಳನ್ನು ದೂರುವುದು ತಪ್ಪು. ನೋಡಲು ಆಗದ್ದನ್ನು ನೋಡಿದ್ದೇನೆಂದು ಬರೆಯಿರಿ ಎಂದು ನಿಯಮವೇ ಹೇಳಿಕೊಟ್ಟಂತಾಗಿದೆ.

ಇನ್ನು ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ. 1986ರ ಕರ್ನಾಟಕ ಅಧಿನಿಯಮದಿಂದ ಹುಟ್ಟಿ, 1988ರಲ್ಲಿ ಮೊದಲ ತಂಡ ಸೇರಿಸಿಕೊಂಡ ಈ ಸಂಸ್ಥೆ ದೇಶದ ಕಾನೂನು ಶಿಕ್ಷಣದ ದಿಕ್ಕನ್ನೇ ಬದಲಿಸಿತು. ಬೇರೇನೂ ಸಿಗದವರು ಸಂಜೆ ಕಾಲೇಜಿನಲ್ಲಿ ಓದುವ ಪದವಿ ಎಂಬ ಹೆಸರು ಅಂಟಿಸಿಕೊಂಡಿದ್ದ ಎಲ್‌ಎಲ್‌ಬಿಯನ್ನು ಐದು ವರ್ಷದ, ಹಗಲು ರಾತ್ರಿ ದುಡಿಸಿಕೊಳ್ಳುವ ಗಂಭೀರ ವಿದ್ಯೆಯಾಗಿ ಮಾಡಿದ ಶ್ರೇಯಸ್ಸು ಅದರ ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಅವರದು. ಅದೇ ಮಾದರಿಯಲ್ಲಿ ರಾಜ್ಯ ರಾಜ್ಯಗಳಲ್ಲಿ ಶಾಲೆಗಳೆದ್ದವು. ಆದರೆ ಅಲ್ಲಿಂದ ಹೊರಬಂದವರಲ್ಲಿ ಬಹಳ ಮಂದಿ ಕಾರ್ಪೊರೇಟ್ ಕಾನೂನು ಸಂಸ್ಥೆಗಳತ್ತ ಹೋದರು. ವಿಚಾರಣಾ ನ್ಯಾಯಾಲಯಗಳಿಗೆ ತಾವು ಬಯಸಿದಷ್ಟು ಜನ ಬರಲಿಲ್ಲವೆಂದು ಮೆನನ್ ಅವರೇ ನೊಂದುಕೊಂಡಿದ್ದರು. ಹಾಗೆ ಹೋದವರನ್ನು ದುಡ್ಡಿನ ಆಸೆಯವರೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಸಾಲ ಮಾಡಿ ಓದಿದ ಇಪ್ಪತ್ತಮೂರು ವರ್ಷದ ಹುಡುಗಿಗೆ ಒಂದು ಕಡೆ ಮೊದಲ ತಿಂಗಳಿನಿಂದ ಸಂಬಳ, ಇನ್ನೊಂದು ಕಡೆ ‘ಕಲೀತಾ ಇರಮ್ಮ, ನೋಡೋಣ’ ಎಂಬ ಮಾತು. ಅವಳು ಯಾವುದನ್ನು ಆರಿಸಿಕೊಳ್ಳಬೇಕಿತ್ತು?

ಪದ್ಧತಿಯ ಕೊಳೆ ಇರುವುದು ಆ ‘ನೋಡೋಣ’ದಲ್ಲಿ. ಜೂನಿಯರ್ ಬೆಳಿಗ್ಗೆ ಆಫೀಸಿಗೆ ಬಂದು ಆ ದಿನದ ಫೈಲುಗಳನ್ನು ತೆಗೆದಿಡಬೇಕು, ಒಂದು ಕೋರ್ಟ್ ಹಾಲಿನಿಂದ ಇನ್ನೊಂದಕ್ಕೆ ಓಡಿ ಹಾಜರಿ ಹೇಳಬೇಕು, ವಾಯಿದೆ ಪಡೆಯಬೇಕು, ನಕಲು ಶಾಖೆಯಲ್ಲಿ ಕಾಯಬೇಕು, ಸಂಜೆ ಮತ್ತೆ ಆಫೀಸಿಗೆ ಬಂದು ತಕರಾರು ಬರೆಯಬೇಕು. ತಿಂಗಳ ಕೊನೆಗೆ ಬಸ್ಸಿನ ಚಾರ್ಜಿಗಾಗುವಷ್ಟು ಕೊಟ್ಟರೂ ಉಂಟು, ಕೊಡದಿದ್ದರೂ ಉಂಟು. ಬೇರೆ ಕಡೆ ದುಡಿದು ಬದುಕೋಣವೆಂದರೆ ಪರಿಷತ್ತಿನ 49ನೇ ನಿಯಮ ಅಡ್ಡ ನಿಲ್ಲುತ್ತದೆ: ವೃತ್ತಿಯಲ್ಲಿರುವ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ವೃತ್ತಿಯ ಸ್ವಾತಂತ್ರ್ಯ ಉಳಿಸಲು ಬಂದ ಆ ನಿಯಮದ ಉದ್ದೇಶ ಒಳ್ಳೆಯದು. ಆದರೆ ಒಳಗೆ ಕೂಲಿ ಇಲ್ಲ, ಹೊರಗೆ ದುಡಿಯುವಂತಿಲ್ಲ ಎಂದಾಗ ಕಲಿಕೆಯ ಆ ಮೂರು ನಾಲ್ಕು ವರ್ಷ ತಿಂಡಿ, ಬಾಡಿಗೆ, ಬಟ್ಟೆಯ ಖರ್ಚು ಕೊಡುವ ಅಪ್ಪ ಇದ್ದವರಷ್ಟೇ ಉಳಿಯುತ್ತಾರೆ. ಪ್ರವೇಶ ಪರೀಕ್ಷೆ ಇಲ್ಲದ ಈ ಶಾಲೆಗೆ ನಿಜವಾದ ಪ್ರವೇಶ ಪರೀಕ್ಷೆ ಮನೆಯ ಸ್ಥಿತಿಯೇ. ಜೊತೆಗೆ ಯಾರ ಆಫೀಸು ಸಿಗುತ್ತದೆ ಎನ್ನುವುದನ್ನು ಬಂಧುಗಳು, ಊರು, ಜಾತಿಯ ಪರಿಚಯ ನಿರ್ಧರಿಸುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಕಾನೂನು ಓದಿದವರು ಯಾವ ಬಾಗಿಲು ತಟ್ಟಬೇಕೆಂದೂ ತಿಳಿಯದೆ ಅಲೆಯುತ್ತಾರೆ. ಹೆಣ್ಣುಮಕ್ಕಳಿಗೆ ಸಂಜೆಯ ನಂತರದ ಆಫೀಸು ಇನ್ನೊಂದು ತಡೆ, ಯಾವ ಆಫೀಸು ಸುರಕ್ಷಿತ ಎಂಬುದನ್ನು ಅವರು ಪಿಸುಮಾತಿನಲ್ಲಿ ಕೇಳಿ ತಿಳಿಯಬೇಕು.

ಇದರಿಂದ ನಷ್ಟವಾಗುವುದು ಬರೀ ಆ ಕಿರಿಯರಿಗಲ್ಲ. ಪಹಣಿ ಯಾವುದು, ಪಾರಿಖತ್ತು ಯಾವುದು ಎಂದು ಮನೆಯಲ್ಲೇ ನೋಡಿ ಬೆಳೆದ, ಸಾಕ್ಷಿಯ ಕನ್ನಡ ತನ್ನದೇ ಕನ್ನಡವಾದ ಹಳ್ಳಿಯ ಹುಡುಗ ವಿಚಾರಣಾ ನ್ಯಾಯಾಲಯಕ್ಕೆ ಹೇಳಿ ಮಾಡಿಸಿದವನು. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಕ್ಲಾಟ್ 2008ರಲ್ಲಿ ಶುರುವಾದಾಗಿನಿಂದ ಇಂಗ್ಲಿಷಿನಲ್ಲೇ ನಡೆಯುವುದರಿಂದ ಆ ಶಾಲೆಗಳ ದಾರಿ ಅವನಿಗೆ ಮೊದಲೇ ಕಿರಿದು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಯಾವುದೋ ಕಾಲೇಜಿನಲ್ಲಿ ಓದಿ ಬಂದರೆ ಇಲ್ಲಿ ಹಸಿವು ಅವನನ್ನು ಹೊರಗಟ್ಟುತ್ತದೆ. ನ್ಯಾಯಾಲಯ ಯಾರನ್ನು ಹೆಚ್ಚು ಬಯಸಬೇಕಿತ್ತೋ ಅವರನ್ನೇ ಕಳೆದುಕೊಳ್ಳುತ್ತಿದೆ.

ಕಲಿಕೆಯಲ್ಲೂ ಎಲ್ಲ ಒಳ್ಳೆಯದೇ ದಾಟಿಬರುತ್ತದೆಂದಿಲ್ಲ. ಒಳ್ಳೆಯ ಆಫೀಸಿನಲ್ಲಿ ಶಿಸ್ತು ಬಂದಂತೆ, ಕೆಟ್ಟ ಆಫೀಸಿನಲ್ಲಿ ಮುಂದೂಡಿಕೆ ಕೇಳುವುದೇ ವಕೀಲಿ ಎಂಬ ನಂಬಿಕೆ ಬೇರೂರುತ್ತದೆ. ಹಳೆಯ ಫೈಲಿನ ವಾದಪತ್ರಕ್ಕೆ ಹೊಸ ಹೆಸರು, ಹೊಸ ಚಕ್ಕುಬಂದಿ ಹಾಕಿ ಕಳಿಸುವ ರೂಢಿಯೂ ಹೀಗೇ ಬಂದದ್ದು. 2024ರ ಜುಲೈ 1ರಂದು ಮೂರು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಾಗ ಈ ಪದ್ಧತಿ ಮೊದಲ ಸಲ ತಲೆಕೆಳಗಾಯಿತು. ನಲವತ್ತು ವರ್ಷ 302, 420 ಎಂದು ಬಾಯಲ್ಲಿ ಕೂತಿದ್ದ ಕಲಂ ಸಂಖ್ಯೆಗಳು 103, 318 ಆದವು. ಹೊಸ ಸಂಹಿತೆ ತೆರೆದು ತೋರಿಸಿದವರು ಬಹಳ ಕಡೆ ಜೂನಿಯರ್‌ಗಳೇ. ಕಲಿಕೆ ಎರಡೂ ದಿಕ್ಕಿನಲ್ಲಿ ಸಾಗಬಲ್ಲದು, ಜೂನಿಯರ್ ಎಂದರೆ ಬರೀ ಪಡೆಯುವವರಲ್ಲ, ಕೊಡುವವರೂ ಹೌದು ಎಂದು ಅಲ್ಲಿ ಕಂಡಿತು. ಕೊಡುವವರಿಗೆ ಕೂಲಿ ಸಲ್ಲಬೇಕು.

ಸುಧಾರಣೆಗಳು ನಡೆದಿಲ್ಲವೇ? ನಡೆದಿವೆ, ಅರ್ಧರ್ಧ. 1961ರ ವಕೀಲರ ಅಧಿನಿಯಮದಲ್ಲಿ ಮೊದಲು ಸನ್ನದಿಗೆ ಮುನ್ನ ತರಬೇತಿಗೆ ಜಾಗವಿತ್ತು. 1973ರ ತಿದ್ದುಪಡಿ ಅದನ್ನು ತೆಗೆಯಿತು. 1995ರಲ್ಲಿ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮದ ಮೂಲಕ ಮರಳಿ ತಂದಾಗ, ಆ ಅಧಿಕಾರ ನಿಮಗಿಲ್ಲವೆಂದು ಸುಪ್ರೀಂ ಕೋರ್ಟ್ 1999ರ ವಿ. ಸುಧೀರ್ ಪ್ರಕರಣದಲ್ಲಿ ರದ್ದುಪಡಿಸಿತು. ಆಮೇಲೆ ಬಂದ ಅಖಿಲ ಭಾರತ ವಕೀಲರ ಪರೀಕ್ಷೆ 100 ಬಹು ಆಯ್ಕೆ ಪ್ರಶ್ನೆಗಳದ್ದು. ಅದು ಓದನ್ನು ಅಳೆಯಬಹುದು, ಮೇಲೆ ಹೇಳಿದ ಆ ಹೆಂಗಸಿನ ಮುಂದೆ ಕೂರುವ ಯೋಗ್ಯತೆಯನ್ನಲ್ಲ. 2024ರ ಜುಲೈ 30ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ರಾಜ್ಯ ಪರಿಷತ್ತುಗಳು ಸನ್ನದಿಗೆ ಸಾವಿರಗಟ್ಟಲೆ ಶುಲ್ಕ ಕೀಳುವುದನ್ನು ತಡೆದು, ಕಾನೂನಿನಲ್ಲಿರುವ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125 ರೂಪಾಯಿ ಮಾತ್ರ ಎಂದಿತು. ಬಡವರಿಗೆ ಬಾಗಿಲು ತೆರೆಯಿತು, ಒಳಗೆ ಬಂದವರ ಊಟದ ಪ್ರಶ್ನೆ ಹಾಗೇ ಉಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ಜೂನಿಯರ್‌ಗಳಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಕೊಡಿರೆಂದು ಸಲಹೆ ನೀಡಿತು. ಸಲಹೆಯಷ್ಟೇ. ಕೊಡದವರಿಗೆ ಏನೂ ಆಗುವುದಿಲ್ಲ.

ತಾಲ್ಲೂಕಿನ ಸೀನಿಯರ್‌ಗಳ ಕಷ್ಟವನ್ನೂ ಇಲ್ಲಿ ಹೇಳಬೇಕು. ಚೆಕ್ ಬೌನ್ಸ್, ಜೀವನಾಂಶ, ಸಣ್ಣ ಜಮೀನಿನ ವ್ಯಾಜ್ಯಗಳಲ್ಲಿ ಬದುಕುವ ಅನೇಕ ಹಿರಿಯರಿಗೆ 15,000 ಎಂದರೆ ತಮ್ಮದೇ ತಿಂಗಳ ಗಳಿಕೆಯ ದೊಡ್ಡ ಪಾಲು. ಅವರ ಮೇಲೆ ಇದನ್ನು ಹೇರಿದರೆ ಜೂನಿಯರ್‌ಗಳನ್ನು ಇಟ್ಟುಕೊಳ್ಳುವುದನ್ನೇ ಬಿಡುತ್ತಾರೆ. ಇದಕ್ಕೆ ಸರ್ಕಾರದ ಹಣ ಬೇಕು. ಆಂಧ್ರಪ್ರದೇಶ 2019ರಲ್ಲಿ ‘ಲಾ ನೇಸ್ತಂ’ ಹೆಸರಿನಲ್ಲಿ ಮೊದಲ ಮೂರು ವರ್ಷದ ವಕೀಲರಿಗೆ ತಿಂಗಳಿಗೆ 5,000 ರೂಪಾಯಿ ಕೊಡಲು ಶುರುಮಾಡಿತು. ನಮ್ಮಲ್ಲೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಹಿರಿಯ ವಕೀಲರ ಬಳಿ ಕಲಿಯುವ ಅವಧಿಗೆ ಶಿಷ್ಯವೇತನದ ಯೋಜನೆ ಇದೆ. ಇವು ಸರಿಯಾದ ದಿಕ್ಕಿನವು. ಆದರೆ ಬರೀ ಹಣ ಕೊಟ್ಟು ಸೀನಿಯರ್ ಏನು ಕಲಿಸಿದರೆಂದು ಕೇಳದಿದ್ದರೆ, ನಕಲು ಶಾಖೆಯ ಮುಂದೆ ಕಾಯುವ ಕೆಲಸಕ್ಕೆ ಸರ್ಕಾರ ಸಂಬಳ ಕೊಟ್ಟಂತಾಗುತ್ತದೆ.

ಈಗ ಈ ಪ್ರಶ್ನೆ ಮುಂದೂಡಲಾಗದಷ್ಟು ಹತ್ತಿರ ಬಂದಿದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ಶಿಫಾರಸಿನ ನಂತರ 2002ರಲ್ಲಿ ಕೈಬಿಟ್ಟಿದ್ದ ಷರತ್ತು ಅದು. ಕೋರ್ಟ್ ಹಾಲಿನ ಬಿಸಿ ತಾಗದವರು ತೀರ್ಪು ಬರೆಯಬಾರದೆಂಬ ವಾದವನ್ನು ಒಪ್ಪುತ್ತೇನೆ. ಆದರೆ ಆ ಮೂರು ವರ್ಷ ಉಚಿತ ದುಡಿಮೆಯಾಗಿ ಉಳಿದರೆ ವಕೀಲರನ್ನು ಸೋಸುತ್ತಿದ್ದ ಅದೇ ಮನೆಯ ಸ್ಥಿತಿ ಇನ್ನು ನ್ಯಾಯಾಧೀಶರನ್ನೂ ಸೋಸುತ್ತದೆ. ಅಭ್ಯರ್ಥಿ ಮೂರು ವರ್ಷ ವೃತ್ತಿ ಮಾಡಿದ್ದಾನೆಂದು ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಪ್ರಮಾಣಪತ್ರ ಕೊಡಬೇಕು, ಜಿಲ್ಲೆಯ ಪ್ರಧಾನ ನ್ಯಾಯಾಧೀಶರು ಅದನ್ನು ದೃಢೀಕರಿಸಬೇಕು ಎಂದು ಆ ತೀರ್ಪು ಹೇಳುತ್ತದೆ. ಆ ಪ್ರಮಾಣಪತ್ರದಲ್ಲಿ ಇನ್ನೆರಡು ಸಾಲು ಸೇರಲಿ: ಈ ಅವಧಿಯಲ್ಲಿ ಜೂನಿಯರ್ ಯಾವ ದಾವೆಗಳಲ್ಲಿ ಸಾಕ್ಷಿ ವಿಚಾರಣೆ ಮಾಡಿದ್ದಾರೆ, ಮತ್ತು ಅವರಿಗೆ ತಿಂಗಳಿಗೆ ಎಷ್ಟು ಕೊಡಲಾಗಿದೆ. ಸಹಿ ಹಾಕುವ ಸೀನಿಯರ್ ಆ ಎರಡು ಖಾಲಿ ಜಾಗಗಳನ್ನು ತಮ್ಮ ಕೈಯಾರೆ ತುಂಬಲಿ.