ಆಫೀಸಿನ ಕ್ಯಾಲೆಂಡರ್ ಯಾರದ್ದು?

ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯೋಕೆ ಲಾಗಿನ್ ಬೇಕಿಲ್ಲ. ಆಫೀಸಿನದು ಹಾಗಲ್ಲ. ಇಂದಿರಾನಗರದ ನಮ್ಮ ಆರು ಜನರ ಆಫೀಸಲ್ಲಿ ಒಬ್ಬರು ಕೆಲಸ ಬಿಟ್ಟರು. ಎಲ್ಲರೂ ಬಳಸುತ್ತಿದ್ದ ಕ್ಯಾಲೆಂಡರ್ ಅವರ ಖಾತೆಯಲ್ಲಿತ್ತು, ಖಾತೆ ಮುಚ್ಚಿದಾಗ ಅದೂ ಹೋಯ್ತು. ಅದಕ್ಕೇ ಓಪನ್ ಸೋರ್ಸ್ ಸರ್ವರ್‌ಗಳನ್ನ ಹಾಕಿ ನೋಡಿದೆ.

ನೆಕ್ಸ್ಟ್‌ಕ್ಲೌಡ್ ಚೆನ್ನಾಗಿದೆ, ಆದರೆ ಕ್ಯಾಲೆಂಡರ್ ಕೇಳಿದವರ ಮನೆಗೆ ಫೈಲು, ಚಾಟು ಅಂತ ಇಡೀ ಸಂಸಾರವೇ ಬಂದು ಕೂರುತ್ತೆ. ನನಗೆ ಹಿಡಿಸಿದ್ದು ರಾಡಿಕಾಲ್. ಪೈಥಾನ್‌ನಲ್ಲಿ ಬರೆದ ಪುಟ್ಟ ಸರ್ವರ್. ಡೇಟಾಬೇಸ್ ಬೇಡ, ಒಂದೊಂದು ಮೀಟಿಂಗೂ ಫೋಲ್ಡರಿನಲ್ಲಿ ಒಂದೊಂದು ಐಸಿಎಸ್ ಫೈಲು. ಬ್ಯಾಕಪ್ ಅಂದರೆ ಫೋಲ್ಡರ್ ಕಾಪಿ ಮಾಡೋದು, ಅಷ್ಟೇ. 2007ರಲ್ಲಿ ಬಂದ ಕ್ಯಾಲ್‌ಡ್ಯಾವ್ ಪ್ರಮಾಣಕವನ್ನ ಪಾಲಿಸುವುದರಿಂದ ಥಂಡರ್‌ಬರ್ಡ್‌, ಮ್ಯಾಕ್‌ ಎರಡರ ಜೊತೆಗೂ ಸಲೀಸಾಗಿ ಸಿಂಕ್ ಆಗುತ್ತೆ. ಕ್ಲಾಸಿಕ್ ಔಟ್‌ಲುಕ್‌ಗೆ ಮಾತ್ರ ಬೇರೆ ಪ್ಲಗಿನ್ ಬೇಕು, ನಮ್ಮ ಅಕೌಂಟ್ಸ್‌ನವರೋ ಔಟ್‌ಲುಕ್ ಬಿಡೋ ಪೈಕಿ ಅಲ್ಲ!

ಕೊರತೆ ಇರೋದು ಹಂಚಿಕೊಳ್ಳುವ ಕಡೆ. ಯಾರು ಬರೆಯಬಹುದು, ಯಾರು ಬರೀ ನೋಡಬಹುದು ಅನ್ನೋದನ್ನ ಸರ್ವರಿನ ರೈಟ್ಸ್ ಫೈಲಿನಲ್ಲಿ ಕೈಯಾರೆ ಬರೆದೆ. ಇದರ ವೆಬ್ ಪುಟದಲ್ಲಿ ಹೊಸ ಕ್ಯಾಲೆಂಡರ್ ಮಾಡಬಹುದೇ ಹೊರತು ಇವತ್ತಿನ ಮೀಟಿಂಗ್ ನೋಡೋಕಾಗಲ್ಲ. ಕೆ.ಆರ್. ಪುರದ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಫೋನ್ ತೆಗೆಯುವವರಿಗೆ ಡ್ಯಾವ್‌ಎಕ್ಸ್5 ಹಾಕಿಕೊಟ್ಟಿದ್ದೀನಿ. ಈಗ ಯಾರೇ ಕೆಲಸ ಬಿಟ್ಟರೂ ಫೋಲ್ಡರ್ ಆಫೀಸಿನಲ್ಲೇ ಇರುತ್ತೆ.