ಜ್ಯೂಸಿಗಿಂತ ರಸಾಯನ ವಾಸಿ

ಬೇಸಿಗೆ ಬಂತೆಂದರೆ ಹಣ್ಣಿನ ಅಂಗಡಿಗಿಂತ ಜ್ಯೂಸ್ ಅಂಗಡಿಯ ಮುಂದೆಯೇ ಜನ ಹೆಚ್ಚು. ಕೋಲಾ ಬಿಟ್ಟು ಹಣ್ಣಿನ ರಸ ಕುಡಿದೆವಲ್ಲ ಎಂಬ ಸಮಾಧಾನ ಬೇರೆ. ಆ ಸಮಾಧಾನದಲ್ಲಿ ಹುರುಳೆಷ್ಟು ಎಂದು ತಿಳಿಯಲು ಮಿಕ್ಸಿಯ ಪಕ್ಕ ನಿಂತು ನೋಡಬೇಕು.

ಸೀಬೆಯನ್ನೇ ತೆಗೆದುಕೊಳ್ಳಿ. 100 ಗ್ರಾಂ ಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ಸಿ ವಿಟಮಿನ್, ಸುಮಾರು 5 ಗ್ರಾಂ ನಾರು. ಕಿತ್ತಳೆಯ ಸಿ ವಿಟಮಿನ್ 50ರ ಸುತ್ತಮುತ್ತ ನಿಲ್ಲುತ್ತದೆ. ಐಸಿಎಂಆರ್ 2020ರಲ್ಲಿ ವಯಸ್ಕ ಗಂಡಸಿಗೆ ನಿಗದಿ ಮಾಡಿದ್ದು ದಿನಕ್ಕೆ 80 ಮಿಲಿಗ್ರಾಂ; ಅರ್ಧ ಸೀಬೆಯಲ್ಲೇ ಆ ಲೆಕ್ಕ ಮುಗಿಯಿತು. ಅಂಗಡಿಯವನು ಇದೇ ಹಣ್ಣನ್ನು ಹೆಚ್ಚಿ, ನೀರು, ಐಸು, ಎರಡು ಸೌಟು ಸಕ್ಕರೆ ಹಾಕಿ ತಿರುವಿ, ಜರಡಿಗೆ ಸುರಿದು ಸೌಟಿನ ಬೆನ್ನಿಂದ ಒತ್ತುತ್ತಾನೆ. ಬೀಜ, ಸಿಪ್ಪೆ, ಮರಳುಮರಳಾದ ತಿರುಳು ಜರಡಿಯಲ್ಲೇ ಕೂತು ಬಕೆಟ್ಟು ಸೇರುತ್ತವೆ. ಸಿ ವಿಟಮಿನ್ ಒಂದಷ್ಟು ಲೋಟಕ್ಕೆ ಇಳಿಯುತ್ತದೆ, ನಿಜ. ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ತಡೆಹಿಡಿಯುವ ನಾರು ಮಾತ್ರ ಬಹುಪಾಲು ಬಕೆಟ್ಟಿನ ಪಾಲು. ‘ಸಕ್ಕರೆ ಬೇಡ’ ಎಂದು ಹೇಳಿ ಕುಡಿಯುವವರೂ ಗಮನಿಸಬೇಕು: ವಿಶ್ವ ಆರೋಗ್ಯ ಸಂಸ್ಥೆ ಹಿಂಡಿದ ರಸದಲ್ಲಿರುವ ಹಣ್ಣಿನ ಸ್ವಂತ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಗಳ ಸಾಲಿಗೇ ಸೇರಿಸಿದೆ.

ಇದಕ್ಕೆ ಹೋಲಿಸಿದರೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯವನದು ಎಷ್ಟೋ ಮೇಲು. ಸೀಬೆಯನ್ನು ಬುಡ ಬಿಡಿಸದೆ ನಾಲ್ಕು ಸೀಳಿ, ಖಾರದಪುಡಿ ಸವರಿ ಕೈಗಿಡುತ್ತಾನೆ. ಉಪ್ಪು ಕಡಿಮೆ ಹಾಕು ಎಂದರೆ ಸಾಕು.

ಮಾವಿನ ವಿಷಯದಲ್ಲಿ ನನ್ನ ಓಟು ಕರಾವಳಿ, ಮಲೆನಾಡಿನ ರಸಾಯನಕ್ಕೆ. ಹಣ್ಣಿನ ಹೋಳು, ಗಟ್ಟಿ ಕಾಯಿಹಾಲು, ಬೆಲ್ಲ, ಚಿಟಿಕೆ ಏಲಕ್ಕಿ. ಸೋಸುವ ಮಾತೇ ಇಲ್ಲ. ಮಾವಿಗೆ ಹಳದಿ ಬಣ್ಣ ಕೊಡುವ ಬೀಟಾ ಕೆರೋಟಿನ್‌ನಿಂದಲೇ ನಮ್ಮ ದೇಹ ಎ ವಿಟಮಿನ್ ಮಾಡಿಕೊಳ್ಳುವುದು. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಜೊತೆಗೆ ಜಿಡ್ಡಿದ್ದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಯಿಹಾಲು ಆ ಕೆಲಸ ಮಾಡುತ್ತದೆ; ಉತ್ತರ ಕರ್ನಾಟಕದ ಸೀಕರಣೆಯಲ್ಲಿ ಹಾಲು, ಅದರ ಜೊತೆ ಬಡಿಸುವ ಹೋಳಿಗೆಯ ಮೇಲಿನ ತುಪ್ಪ ಮಾಡುತ್ತವೆ. ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎನ್ನುವ ಜಂಬವನ್ನು ನಾನು ಒಪ್ಪುವುದಿಲ್ಲ. ಅವರು ನೋಡಿದ್ದು ರುಚಿ, ಲಾಭ ತಾನಾಗಿ ಬಂತು. ರಸಾಯನದ ದೋಷವಿರುವುದು ಬೆಲ್ಲದಲ್ಲಿ. ಬೆಲ್ಲವೂ ಸಕ್ಕರೆಯೇ. ಒಳ್ಳೆಯ ರಸಪುರಿಗೆ ಅದು ಬೇಕೂ ಇಲ್ಲ, ಹಾಕುವುದು ಬರೀ ರೂಢಿ.

ಜ್ಯೂಸಿನ ದೊಡ್ಡ ತೊಂದರೆ ಅಳತೆ ತಪ್ಪುವುದು. ಪೇಟೆಯವರು ಸ್ಟಾರ್ ಫ್ರೂಟ್ ಎನ್ನುವ ದಾರೆಹುಳಿಯನ್ನು ಯಾರೂ ಕೂತು ಐದಾರು ತಿನ್ನಲಾರರು, ಹಲ್ಲು ಚಳಿಯುತ್ತದೆ. ಸಕ್ಕರೆ ಬೆರೆಸಿ ರಸ ತೆಗೆದರೆ ಒಂದೇ ಗುಟುಕಿಗೆ ಅಷ್ಟೂ ಇಳಿಯುತ್ತದೆ. ಅದರಲ್ಲಿ ಆಕ್ಸಲೇಟ್ ಹೇರಳ. ಖಾಲಿ ಹೊಟ್ಟೆಯಲ್ಲಿ ಹೆಚ್ಚು ರಸ ಕುಡಿದು ಆರೋಗ್ಯವಂತರ ಮೂತ್ರಪಿಂಡಕ್ಕೂ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಿಡ್ನಿ ಸೋತವರಲ್ಲಿ ಈ ಹಣ್ಣಿನ ವಿಷಾಂಶ ಹೊರಹೋಗದೆ ಬಿಡದ ಬಿಕ್ಕಳಿಕೆ, ಮಂಕು, ಅಪಸ್ಮಾರ ತರುತ್ತದೆ, ಜೀವಕ್ಕೂ ಕುತ್ತಾಗಬಹುದು. ಅಂಥವರು ಯಾರಾದರೂ ಮನೆಯಲ್ಲಿದ್ದರೆ ದಾರೆಹುಳಿಯ ರಸವನ್ನಷ್ಟೇ ಅಲ್ಲ, ಒಂದು ಹೋಳನ್ನೂ ಕೊಡಬೇಡಿ.