ನೇಗಿಲಿಗಿಂತ ಮೊದಲು ರೊಟ್ಟಿ

ಗಾರ್ಡನ್ ಚೈಲ್ಡ್ ನಮ್ಮ ಪಾಳಯದವನು. ರಾಜರ ಪಟ್ಟಿ, ಯುದ್ಧದ ಪಟ್ಟಿ ಇವೇ ಚರಿತ್ರೆ ಅಂತ ಮಕ್ಕಳಿಗೆ ಉರು ಹೊಡೆಸುತ್ತಿದ್ದ ಕಾಲದಲ್ಲಿ, 1936ರಲ್ಲಿ, 'ಮ್ಯಾನ್ ಮೇಕ್ಸ್ ಹಿಮ್‌ಸೆಲ್ಫ್' ಬರೆದು, ಮನುಷ್ಯನನ್ನು ಮಾಡಿದ್ದು ದೇವರೂ ಅಲ್ಲ ದೊರೆಯೂ ಅಲ್ಲ, ಅವನ ಕೈಯ ಹತಾರ ಮತ್ತು ದುಡಿಮೆ ಎಂದು ತೋರಿಸಿದವನು. 'ನವಶಿಲಾಯುಗದ ಕ್ರಾಂತಿ' ಎಂಬ ಮಾತು ಹಳ್ಳಿ ಶಾಲೆಯ ಪಾಠದವರೆಗೂ ಬಂದಿರುವುದು ಅವನ ದೆಸೆಯಿಂದ. ಇಂಥವನ ಜೊತೆಗೇ ಈಗ ಜಗಳ ತೆಗೆಯಬೇಕಾಗಿದೆ. ಪರರ ತಪ್ಪನ್ನು ಎತ್ತಿ ತೋರಿಸುವುದು ಸುಲಭ, ನಮ್ಮವರದನ್ನು ಯಾರು ಹೇಳಬೇಕು?

ಅವನು ಮಾರ್ಗನ್ ಮತ್ತು ಎಂಗೆಲ್ಸರಿಂದ ಒಂದು ಏಣಿಯನ್ನು ತಂದುಕೊಂಡ. ಬೇಟೆಯಾಡಿ, ಹೆಕ್ಕಿ ತಿನ್ನುವವರು ಕೆಳಗಿನ ಮೆಟ್ಟಿಲಲ್ಲಿ, ಅವರು ಕಾಡುಜನ. ಬೆಳೆದು ತಿನ್ನುವವರು ಅದರ ಮೇಲೆ, ಅವರು ಬರ್ಬರರು. ಊರು, ಬರಹ, ಕಂದಾಯ ಬಂದರೆ ಆಗ ನಾಗರಿಕರು. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಹತ್ತಿದ್ದು ಹೇಗೆ? ಹಿಮಯುಗ ಮುಗಿದಾಗ ಉತ್ತರ ಆಫ್ರಿಕ, ಪಶ್ಚಿಮ ಏಷ್ಯ ಒಣಗಿದವು, ಜನ ದನ ಗಿಡ ಎಲ್ಲ ಓಯಸಿಸ್‌ಗಳಲ್ಲಿ ಒತ್ತೊತ್ತಾಗಿ ಸೇರಿದರು, ಆ ಇಕ್ಕಟ್ಟಿನಲ್ಲಿ ಬೇಸಾಯ ಹುಟ್ಟಿತು ಅನ್ನುವುದು ಅವನ ವಾದ.

ಮಳೆಯ ಲೆಕ್ಕವೇ ತಿರುಗುಮುರುಗಾಗಿತ್ತು. ಹಿಮಯುಗ ಮುಗಿದ ಮೇಲೆ ಸಹಾರ ಒಣಗಲಿಲ್ಲ, ಹಸುರಾಯಿತು. ಸುಮಾರು 11,000 ವರ್ಷದ ಹಿಂದಿನಿಂದ ಸುಮಾರು 5,000 ವರ್ಷದ ಹಿಂದಿನ ತನಕ ಅಲ್ಲಿ ಕೆರೆಗಳಿದ್ದವು, ಹುಲ್ಲಿತ್ತು. ಪಾಪ, ಚೈಲ್ಡನ ಕಾಲಕ್ಕೆ ಇದು ಗೊತ್ತಿರಲಿಲ್ಲ, ಅದನ್ನು ಮನ್ನಿಸೋಣ. ಮನ್ನಿಸಲಾಗದ್ದು ಏಣಿ.

ಜೋರ್ಡಾನಿನ ಈಶಾನ್ಯಕ್ಕೆ ಕಪ್ಪು ಮರುಭೂಮಿ ಅಂತಿದೆ, ನೆಲದ ತುಂಬ ಬಸಾಲ್ಟ್ ಕಲ್ಲು. ಅಲ್ಲಿ ಶುಬೈಕ ಎಂಬ ಕಡೆ ಅಗೆದಾಗ ನತೂಫಿಯನ್ ಜನರ ಕಲ್ಲುಹಾಸಿನ ಮನೆ, ಅದರೊಳಗೆ ಒಲೆ ಸಿಕ್ಕಿತು. ಒಲೆಯ ಬೂದಿಯಲ್ಲಿ ಸುಟ್ಟು ಕರಕಾದ ಚೂರುಗಳು. ಅಮಾಯಾ ಅರಾಂಜ್ ಒಟೇಗಿ ಎಂಬ ಸಂಶೋಧಕಿ ಮತ್ತು ಆಕೆಯ ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ನೋಡಿ, 2018ರಲ್ಲಿ ಪ್ರಕಟಿಸಿದರು: ಅದು ರೊಟ್ಟಿ. ಕಾಡುಕಾಳನ್ನೂ ಜೊಂಡಿನ ಗೆಡ್ಡೆಯನ್ನೂ ಬೀಸಿ, ಸೋಸಿ, ನಾದಿ ಸುಟ್ಟ ರೊಟ್ಟಿ. ವಯಸ್ಸು ಸುಮಾರು 14,400 ವರ್ಷ. ಬೇಸಾಯ ಹುಟ್ಟುವುದಕ್ಕೆ ಇನ್ನೂ ನಾಲ್ಕು ಸಾವಿರ ವರ್ಷ ಬಾಕಿ ಇತ್ತು! ರೊಟ್ಟಿ ತಟ್ಟಿದವರಿಗೆ ಗೊತ್ತು ಅದೆಷ್ಟು ಕೆಲಸ ಅಂತ: ಯಾವ ಹುಲ್ಲು ಯಾವಾಗ ಕಾಳು ಕಟ್ಟುತ್ತೆ, ಸಿಪ್ಪೆ ಹೇಗೆ ಬಿಡುತ್ತೆ, ಹಿಟ್ಟಿಗೆ ನೀರು ಎಷ್ಟು, ಕೆಂಡ ಎಷ್ಟು. ಇದೆಲ್ಲ ಬಲ್ಲವರು ಕೆಳಮೆಟ್ಟಿಲಿನವರು ಹೇಗಾದರು?

ಇನ್ನು ನಬ್ತಾ ಪ್ಲಾಯ. ಈಜಿಪ್ಟಿನ ಪಶ್ಚಿಮ ಮರುಭೂಮಿ, ಅಬು ಸಿಂಬೆಲ್‌ನಿಂದ ಸುಮಾರು ನೂರು ಕಿಲೋಮೀಟರ್ ಪಶ್ಚಿಮಕ್ಕೆ. ಬೇಸಗೆ ಮಳೆಗೆ ತುಂಬಿ, ಆಮೇಲೆ ಒಣಗುತ್ತಿದ್ದ ಕೆರೆ. ಫ್ರೆಡ್ ವೆಂಡಾರ್ಫ್, ರೊಮುವಾಲ್ಡ್ ಶಿಲ್ಡ್ ಇವರ ತಂಡ ಅಲ್ಲಿ ಗುಡಿಸಲು, ಒಲೆ, ಬಾವಿ, ಕಾಳು ಕೂಡಿಡುವ ಗುಂಡಿಗಳನ್ನು ಕಂಡಿತು. ನಮ್ಮ ಬಯಲುಸೀಮೆಯವರು ಹಗೇವು ಅನ್ನುತ್ತಾರಲ್ಲ, ಹಾಗೆ. ಗುಡಿಸಲುಗಳಲ್ಲಿ ಸಿಕ್ಕಿದ ಬೀಜಗಳಲ್ಲಿ ಜೋಳವಿತ್ತು. ವಯಸ್ಸು ಎಂಟು ಸಾವಿರ ವರ್ಷಕ್ಕೂ ಮೇಲೆ. ಆದರೆ ರೂಪದಲ್ಲಿ ಅದು ಕಾಡುಜೋಳ. ಬಿತ್ತಿದ್ದೇ ಇರಬಹುದು ಅನ್ನುವವರೂ ಇದ್ದಾರೆ, ಕಾಳಿನ ಆಕಾರ ಅವರಿಗೆ ಸಾಕ್ಷಿ ಹೇಳುವುದಿಲ್ಲ. ಮಡಕೆ ಇತ್ತು, ಬಾವಿ ಇತ್ತು, ಕೂಡಿಟ್ಟ ಕಾಳಿತ್ತು. ಬೇಸಾಯ ಮಾತ್ರ ಇರಲಿಲ್ಲ. ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸುತ್ತೀರಿ ಇವರನ್ನು?

ಇದೇನು ಪಂಡಿತರ ಜಗಳ ಅಂತ ಪಕ್ಕಕ್ಕಿಡುವ ಹಾಗಿಲ್ಲ. ಹೆಕ್ಕಿ ತಿನ್ನುವವರು ಇನ್ನೂ ಮನುಷ್ಯರಾಗಬೇಕಾದವರು ಅಂತ ಒಪ್ಪಿಕೊಂಡರೆ, ಅವರ ನೆಲವನ್ನು ಖಾಲಿ ನೆಲ ಅನ್ನುವುದಕ್ಕೆ ಎಷ್ಟು ಹೊತ್ತು? ಬೋಟ್ಸ್ವಾನದ ಕಲಹಾರಿ ಮರುಭೂಮಿಯಲ್ಲಿ ಬೇಟೆ, ಗೆಡ್ಡೆ ನಂಬಿ ಬಾಳಿದ ಸಾನ್ ಜನರನ್ನು ಅಲ್ಲಿನ ಸರ್ಕಾರ 1997ರಲ್ಲೂ 2002ರಲ್ಲೂ ಅಭಯಾರಣ್ಯದಿಂದ ಹೊರಗೆ ಸಾಗಿಸಿತು. ಹೇಳಿದ ಕಾರಣಗಳಲ್ಲಿ ಅಭಿವೃದ್ಧಿಯೂ ಒಂದು. ಅವರೇ ಕೋರ್ಟಿಗೆ ಹೋದರು, 2006ರಲ್ಲಿ ಅಲ್ಲಿನ ಹೈಕೋರ್ಟು ಅವರನ್ನು ಹೊರಹಾಕಿದ್ದು ಕಾನೂನಿಗೆ ವಿರುದ್ಧ ಎಂದಿತು. ಚೈಲ್ಡ್ ಬದುಕಿದ್ದರೆ ಸಾನ್ ಜನರ ಕಡೆಗೇ ನಿಲ್ಲುತ್ತಿದ್ದ, ನನಗೆ ಅನುಮಾನವಿಲ್ಲ. ಅವನ ಪದಗಳು ಮಾತ್ರ ಆ ಕಡೆ ನಿಂತಿವೆ.

ಜೋಳದ ಕತೆ ಮುಗಿಸಿಬಿಡುತ್ತೇನೆ. ನಬ್ತಾದಿಂದ ಬಹು ದೂರ ಆಗ್ನೇಯಕ್ಕೆ, ಪೂರ್ವ ಸುಡಾನಿನ ಕಸಲಾ ಊರಿನ ಹತ್ತಿರ, ಮಡಕೆ ಮಾಡುವವರು ಜೇಡಿಮಣ್ಣಿಗೆ ಜೋಳದ ಹೊಟ್ಟು ಬೆರೆಸಿದ್ದರು. ಹೊಟ್ಟು ಉರಿದುಹೋಗಿ ಅದರ ಅಚ್ಚು ಮಡಕೆಯಲ್ಲೇ ಉಳಿಯಿತು. 1980ರ ದಶಕದಲ್ಲಿ ಅಗೆದ ಆ ಚೂರುಗಳನ್ನು ಮತ್ತೆ ನೋಡಿ 2017ರಲ್ಲಿ ಹೇಳಿದ್ದು: ಕೆಲವು ಕಾಳು ತೆನೆಯಿಂದ ತಾವೇ ಉದುರಿದವು, ಅಂದರೆ ಕಾಡಿನವು, ಕೆಲವು ಬಡಿದರೆ ಮಾತ್ರ ಬಿಡುವಂಥವು, ಅಂದರೆ ಬೇಸಾಯಕ್ಕೆ ಒಗ್ಗಿದವು. ಕ್ರಿ.ಪೂ. 3000ಕ್ಕೂ ಹಿಂದಿನ ಮಾತು. ಎರಡೂ ಒಂದೇ ಊರಿನ ಮಡಕೆಗಳಲ್ಲಿ, ಒಂದನ್ನೊಂದು ಕೆಳಗೆ ತಳ್ಳದೆ. ಆ ಜೋಳ ಕ್ರಿ.ಪೂ. ಎರಡನೇ ಸಾವಿರಮಾನದಲ್ಲಿ ಭಾರತಕ್ಕೆ ಬಂತು. ಇವತ್ತು ರಾಯಚೂರಿನ, ಬಿಜಾಪುರದ ಗಂಗಾಳದಲ್ಲಿರುವುದು ಅದೇ.